ಸಮೀಕರಣಕ್ಕೆ ತಕ್ಕಡಿ ಗೊತ್ತಿಲ್ಲ: ಮೋಲ್ ಅನುಪಾತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪ್ರಥಮ ಪಿಯುಸಿ ಮಕ್ಕಳಿಗೆ ರಸಾಯನ ವಿಜ್ಞಾನದ ಮನೆಪಾಠ ಹೇಳುತ್ತೇನೆ. ವರ್ಷದ ಮೊದಲ ಪಾಠದಲ್ಲೇ ಮೋಲ್ ಎದುರಾಗುತ್ತದೆ. ಅರ್ಧ ತರಗತಿ ಅಲ್ಲೇ ಎಡವುತ್ತದೆ. ಮಕ್ಕಳು ಬದಲಾಗುತ್ತಾರೆ, ಪ್ರಶ್ನೆಗಳು ಮಾತ್ರ ಪ್ರತಿ ವರ್ಷ ಅವೇ. ಅವನ್ನೆಲ್ಲ ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಎಲ್ಲಿಂದ ಬೇಕಾದರೂ ಓದಬಹುದು. ಆದರೆ ತಾಂಬೂಲದ ಪ್ರಶ್ನೆಯನ್ನು ಬಿಡಬೇಡಿ, ಆಮೇಲೆ ಅದು ಮತ್ತೆ ಮತ್ತೆ ಬರುತ್ತದೆ.

ಮೋಲ್ ಅಂದರೆ ಏನು? ಒಂದೇ ಮಾತಲ್ಲಿ ಹೇಳಿ.

ಎಣಿಕೆಯ ಅಳತೆ. ಬಾಳೆಹಣ್ಣಿಗೆ ಡಜನ್ ಇದ್ದ ಹಾಗೆ ಅಣುಗಳಿಗೆ ಮೋಲ್. ಡಜನ್ ಅಂದರೆ 12. ಮೋಲ್ ಅಂದರೆ 6.02214076 × 10²³. 2019ರ ಮೇ 20ರಿಂದ ಈ ಸಂಖ್ಯೆಯನ್ನೇ ಮೋಲ್ ಎಂದು ಗೊತ್ತು ಮಾಡಿದ್ದಾರೆ. ಅದಕ್ಕೂ ಮುಂಚೆ, 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಎಂಬ ಲೆಕ್ಕವಿತ್ತು.

ಇದಕ್ಕೆ ಅವೊಗಾಡ್ರೊ ಸಂಖ್ಯೆ ಎಂಬ ಹೆಸರಿದೆ. ತಮಾಷೆ ಅಂದರೆ ಆ ಇಟಲಿಯ ಮಹಾಶಯನಿಗೆ ಈ ಸಂಖ್ಯೆ ಗೊತ್ತೇ ಇರಲಿಲ್ಲ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಷ್ಟೇ ಅಣುಗಳಿರುತ್ತವೆ ಎಂದು ಅವನು 1811ರಲ್ಲಿ ಹೇಳಿದ್ದ, ಅಷ್ಟೇ. ಅವನ ಹೆಸರನ್ನು ಸಂಖ್ಯೆಗೆ ಇಟ್ಟವನು ಫ್ರಾನ್ಸಿನ ಜಾನ್ ಪೆರಾಂ, 1909ರಲ್ಲಿ.

ಇಂಥ ವಿಚಿತ್ರ ಸಂಖ್ಯೆಯೇ ಯಾಕೆ? ರೌಂಡಾಗಿ ಒಂದು ಕೋಟಿ ಅಂತ ಇಡಬಹುದಿತ್ತಲ್ವಾ?

ಇಡಬಹುದಿತ್ತು. ಆದರೆ ಈ ಸಂಖ್ಯೆಯಿಂದ ಒಂದು ದೊಡ್ಡ ಉಪಕಾರ ಇದೆ. ನೀರಿನ ಅಣು ರಾಶಿ, ಅಂದರೆ ಅದರ ಪರಮಾಣುಗಳ ರಾಶಿಗಳ ಮೊತ್ತ, 18. ಹಾಗಾಗಿ ಒಂದು ಮೋಲ್ ನೀರು 18 ಗ್ರಾಂ, ಅಂದರೆ ಸುಮಾರು ಮೂರೂವರೆ ಟೀ ಚಮಚ. ಕಾರ್ಬನ್ ಡೈಆಕ್ಸೈಡ್‌ನ ಅಣು ರಾಶಿ 44, ಹಾಗಾಗಿ ಒಂದು ಮೋಲ್ 44 ಗ್ರಾಂ. ಆವರ್ತ ಕೋಷ್ಟಕದಲ್ಲಿ ಕಾಣುವ ಪರಮಾಣು ರಾಶಿಗಳನ್ನು ಕೂಡಿ, ಬಂದ ಅಂಕಿಯ ಮುಂದೆ ಸುಮ್ನೆ ಗ್ರಾಂ ಅಂತ ಬರೆದರೆ ಒಂದು ಮೋಲ್‌ನ ತೂಕ ಸಿಕ್ಕಿತು. ಅಣುಗಳನ್ನು ಎಣಿಸಲು ಆಗುವುದಿಲ್ಲ, ತೂಗಲು ಆಗುತ್ತದೆ. ತೂಗಿ ಎಣಿಸುವ ಉಪಾಯ ಇದು. ಹಿಂದೆ ಬ್ಯಾಂಕಿನಲ್ಲಿ ಚಿಲ್ಲರೆ ನಾಣ್ಯದ ಚೀಲವನ್ನು ತೂಗಿ ಎಷ್ಟಿದೆ ಅಂತ ಹೇಳುತ್ತಿದ್ದರಲ್ಲ, ಹಾಗೆ.

ಸಮೀಕರಣದಲ್ಲಿ ಮುಂದೆ ಬರೆಯುವ 2, 3 ಇವೆಲ್ಲ ಏನು? ಗ್ರಾಂ ಅಲ್ವಾ?

ಅಲ್ಲ. ಇದೊಂದು ತಿಳಿದರೆ ಪಾಠದ ಮುಕ್ಕಾಲು ಪಾಲು ಮುಗಿದ ಹಾಗೆ.

ಮನೆಯಲ್ಲಿ ಶುಭಕಾರ್ಯ ಇದೆ ಅಂತ ಇಟ್ಟುಕೊಳ್ಳಿ. ಬಂದವರಿಗೆ ತಾಂಬೂಲ ಕೊಡಬೇಕು. ಒಬ್ಬರಿಗೆ ಎರಡು ವೀಳ್ಯದೆಲೆ, ಒಂದು ಅಡಿಕೆ.

2 ಎಲೆ + 1 ಅಡಿಕೆ → 1 ತಾಂಬೂಲ

ನೂರು ಜನ ಬಂದರೆ 200 ಎಲೆ, 100 ಅಡಿಕೆ. ಯಾರಾದರೂ ಇದನ್ನು ಓದಿ ಅಂಗಡಿಗೆ ಹೋಗಿ, ಎರಡು ಕೆಜಿ ಎಲೆ, ಒಂದು ಕೆಜಿ ಅಡಿಕೆ ತಂದರೆ? ಅಜ್ಜಿ ಬೈಯದೆ ಬಿಡುವುದಿಲ್ಲ. ಎಲೆ ಹಗುರ, ಅಡಿಕೆ ಭಾರ. ಆ 2 ಮತ್ತು 1 ಎಣಿಕೆಯ ಮಾತು, ತೂಕದ ಮಾತಲ್ಲ.

ರಾಸಾಯನಿಕ ಸಮೀಕರಣವೂ ಹೀಗೇ. ಅಮೋನಿಯಾ ಆಗುವ ಕ್ರಿಯೆ ನೋಡಿ.

1 ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯಾ

ಒಂದು ನೈಟ್ರೋಜನ್ ಅಣುವಿಗೆ ಮೂರು ಹೈಡ್ರೋಜನ್ ಅಣು ಬೇಕು, ಎರಡು ಅಮೋನಿಯಾ ಅಣು ಸಿಗುತ್ತವೆ. ಅಣು ಎಂಬಲ್ಲಿ ಮೋಲ್ ಎಂದು ಓದಿದರೂ ಸರಿಯೇ. ಗ್ರಾಂ ಎಂದು ಓದಿದರೆ ತಪ್ಪು. ತೂಕದಲ್ಲಿ ನೋಡಿದರೆ 28 ಗ್ರಾಂ ನೈಟ್ರೋಜನ್‌ಗೆ ಬೇಕಾಗುವುದು ಬರೀ 6 ಗ್ರಾಂ ಹೈಡ್ರೋಜನ್. 1ಕ್ಕೆ 3 ಎಂದು ಗ್ರಾಂ ತೆಗೆದುಕೊಂಡರೆ 84 ಗ್ರಾಂ ಆಗುತ್ತದೆ, ಬೇಕಾದ್ದಕ್ಕಿಂತ ಹದಿನಾಲ್ಕು ಪಟ್ಟು ಜಾಸ್ತಿ. ಸಮೀಕರಣಕ್ಕೆ ಎಣಿಸಲು ಬರುತ್ತದೆ, ತೂಗಲು ಬರುವುದಿಲ್ಲ.

ಎಡಗಡೆ 4 ಮೋಲ್, ಬಲಗಡೆ 2 ಮೋಲ್. ಉಳಿದ 2 ಮೋಲ್ ಎಲ್ಲಿ ಹೋಯಿತು?

ಒಳ್ಳೆಯ ಪ್ರಶ್ನೆ. ಎಲ್ಲೂ ಹೋಗಲಿಲ್ಲ. ಎರಡು ಎಲೆ, ಒಂದು ಅಡಿಕೆ, ಒಟ್ಟು ಮೂರು ವಸ್ತು ಸೇರಿ ಒಂದು ತಾಂಬೂಲ ಆಯಿತು. ಎಲೆ ಕಳೆದುಹೋಯಿತು ಅಂತೀರಾ? ಮೋಲ್‌ಗಳ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕಾಗಿಲ್ಲ. ಪರಮಾಣುಗಳ ಲೆಕ್ಕ ಸರಿ ಇರಬೇಕು, ಒಟ್ಟು ತೂಕ ಸರಿ ಇರಬೇಕು. 28 + 6 = 34, ಅತ್ತ 2 × 17 = 34. ಸರಿ ಇದೆ.

ಹಾಗಾದರೆ ಲೆಕ್ಕ ಮಾಡುವ ದಾರಿ ಯಾವುದು? ಒಂದು ನಿಜವಾದ ಉದಾಹರಣೆ ಕೊಡಿ.

ಯೂರಿಯಾ ಚೀಲವನ್ನೇ ತೆಗೆದುಕೊಳ್ಳೋಣ. ನನ್ನ ಬಳಿ ಬರುವ ಎಷ್ಟೋ ಮಕ್ಕಳ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಮೊದಲು ಚೀಲಕ್ಕೆ 50 ಕೆಜಿ ಇತ್ತು, 2018ರಿಂದ 45 ಕೆಜಿ. ನಮ್ಮಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ಕಾರ್ಖಾನೆ ಇದೆ. ಅಲ್ಲಿ ನಡೆಯುವುದು ಇಷ್ಟು:

2 ಅಮೋನಿಯಾ + 1 ಕಾರ್ಬನ್ ಡೈಆಕ್ಸೈಡ್ → 1 ಯೂರಿಯಾ + 1 ನೀರು

ಈಗ ಪ್ರಶ್ನೆ: ಒಂದು ಚೀಲ ಯೂರಿಯಾ ಮಾಡಲು ಎಷ್ಟು ಅಮೋನಿಯಾ ಬೇಕು?

ಕೈಯಲ್ಲಿರುವುದು ತೂಕ, ಬೇಕಾಗಿರುವುದೂ ತೂಕ. ಆದರೆ ನೇರ ದಾರಿ ಇಲ್ಲ. ನಡುವೆ ಹೊಳೆ ಇದೆ, ಮೋಲ್ ಎಂಬ ಸಂಕ ದಾಟಬೇಕು.

ಯೂರಿಯಾ ಒಂದು ಮೋಲ್‌ಗೆ 60 ಗ್ರಾಂ. 45 ಕೆಜಿ ಅಂದರೆ 45,000 ಗ್ರಾಂ. 45,000 ÷ 60 = 750 ಮೋಲ್. ಇಲ್ಲಿಗೆ ಸಂಕ ಹತ್ತಿದೆವು.

ಒಂದು ಯೂರಿಯಾಗೆ ಎರಡು ಅಮೋನಿಯಾ. 750 × 2 = 1,500 ಮೋಲ್. ಮೋಲ್ ಅನುಪಾತದ ಕೆಲಸ ಇಷ್ಟೇ, ಈ ಒಂದು ಗುಣಾಕಾರ.

ಅಮೋನಿಯಾ ಒಂದು ಮೋಲ್‌ಗೆ 17 ಗ್ರಾಂ. 1,500 × 17 = 25,500 ಗ್ರಾಂ, ಅಂದರೆ 25.5 ಕೆಜಿ. ಸಂಕ ಇಳಿದೆವು.

ಇದೇ ದಾರಿಯಲ್ಲಿ ಕಾರ್ಬನ್ ಡೈಆಕ್ಸೈಡ್ 750 ಮೋಲ್, 33 ಕೆಜಿ. ಹೊರಬರುವ ನೀರು 750 ಮೋಲ್, 13.5 ಕೆಜಿ. ತಾಳೆ ನೋಡಿ: ಒಳಗೆ ಹೋದದ್ದು 25.5 + 33 = 58.5. ಹೊರಗೆ ಬಂದದ್ದು 45 + 13.5 = 58.5. ಇಂಥ ತಾಳೆ ಸಿಕ್ಕಾಗ ನನಗೆ ಈಗಲೂ ಖುಷಿಯಾಗುತ್ತದೆ.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬಹುದು. 1,500 ಮೋಲ್ ಅಮೋನಿಯಾಗೆ 750 ಮೋಲ್ ನೈಟ್ರೋಜನ್ ಬೇಕು, ಅಂದರೆ 21 ಕೆಜಿ. ಅದು ಬರುವುದು ಗಾಳಿಯಿಂದ. 45ರಲ್ಲಿ 21 ಅಂದರೆ ನೂರಕ್ಕೆ 46.67. ಚೀಲದ ಮೇಲೆ ನೈಟ್ರೋಜನ್ 46% ಎಂದು ಬರೆದಿರುತ್ತಾರಲ್ಲ, ಅದರ ಗುಟ್ಟು ಇದೇ.

ಭಾಗಿಸಬೇಕೋ ಗುಣಿಸಬೇಕೋ, ಯಾವಾಗಲೂ ಗೊಂದಲ. ಅನುಪಾತದಲ್ಲಿ ಯಾವುದು ಮೇಲೆ?

ಬೇಕಾದದ್ದು ಮೇಲೆ, ಇರುವುದು ಕೆಳಗೆ. ನೈಟ್ರೋಜನ್ ಕೊಟ್ಟು ಅಮೋನಿಯಾ ಕೇಳಿದರೆ 2/1. ಹೈಡ್ರೋಜನ್ ಕೊಟ್ಟು ಅಮೋನಿಯಾ ಕೇಳಿದರೆ 2/3. ಇದೂ ಮರೆತರೆ ಸಾಮಾನ್ಯ ಜ್ಞಾನ ಬಳಸಿ. ಮೂರು ಹೈಡ್ರೋಜನ್‌ಗೆ ಎರಡೇ ಅಮೋನಿಯಾ ಸಿಗುವುದಾದರೆ ಉತ್ತರ ಹೈಡ್ರೋಜನ್‌ಗಿಂತ ಕಡಿಮೆ ಇರಬೇಕು, ಅಲ್ವಾ? ಜಾಸ್ತಿ ಬಂದಿದ್ದರೆ ಅನುಪಾತ ತಲೆಕೆಳಗಾಗಿದೆ.

ನೈಟ್ರೋಜನ್ 14 ಅಂತ ಕೋಷ್ಟಕದಲ್ಲಿದೆ. ನೀವು 28 ಯಾಕೆ ತೆಗೆದುಕೊಂಡಿರಿ?

14 ಒಂದು ಪರಮಾಣುವಿನದು. ನೈಟ್ರೋಜನ್ ಅನಿಲದಲ್ಲಿ ಪರಮಾಣುಗಳು ಜೋಡಿಯಾಗಿರುತ್ತವೆ. ಹೈಡ್ರೋಜನ್, ಆಕ್ಸಿಜನ್, ಕ್ಲೋರಿನ್ ಕೂಡ ಹಾಗೇ. ಅದಕ್ಕೆ 28, 2, 32, 71. ಪರೀಕ್ಷೆಯಲ್ಲಿ ಅಂಕ ಕಳೆಯುವ ನಂಬರ್ ಒನ್ ತಪ್ಪು ಇದು. ನಾನೂ ಪಿಯುಸಿಯಲ್ಲಿ ಇದೇ ತಪ್ಪು ಮಾಡಿ, ಉತ್ತರ ಅರ್ಧಕ್ಕೆ ಬಂದು, ಪ್ರಶ್ನೆಪತ್ರಿಕೆಯೇ ತಪ್ಪು ಅಂತ ವಾದ ಮಾಡಿದ್ದೆ.

ಸಮೀಕರಣ ಸರಿದೂಗಿಸದೆ ಲೆಕ್ಕ ಮಾಡಿದರೆ ಏನಾಗುತ್ತದೆ?

ಮುಂದಿನದೆಲ್ಲ ದಂಡ. ಅಮೋನಿಯಾದ ಸಮೀಕರಣದಲ್ಲಿ 1, 3, 2 ಬರೆಯದೆ ಬಿಟ್ಟರೆ 1:1:1 ಎಂದು ಓದುತ್ತೀರಿ. 28 ಮತ್ತು 2 ಸೇರಿ 17 ಆಗುತ್ತದೆ ಎಂದಂತಾಯಿತು. 13 ಗ್ರಾಂ ಗಾಯಬ್! ಇನ್ನೊಂದು ಮಾತು: ಸರಿದೂಗಿಸುವಾಗ ಮುಂದಿನ ಅಂಕಿಯನ್ನು ಮಾತ್ರ ಬದಲಿಸಿ. ಸೂತ್ರದ ಕೆಳಗಿರುವ ಪುಟ್ಟ ಅಂಕಿಯನ್ನು ಮುಟ್ಟಬೇಡಿ. ಅದನ್ನು ಮುಟ್ಟಿದರೆ ವಸ್ತುವೇ ಬೇರೆಯಾಗುತ್ತದೆ. ನೀರಿಗೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್.

ಎರಡೂ ವಸ್ತುಗಳ ತೂಕ ಕೊಟ್ಟಿದ್ದಾರೆ. ಯಾವುದನ್ನು ಹಿಡಿದು ಲೆಕ್ಕ ಮಾಡಲಿ?

ಮೊದಲು ಮುಗಿಯುವುದನ್ನು ಹಿಡಿಯಿರಿ. ತಾಂಬೂಲಕ್ಕೆ ಬನ್ನಿ. 500 ಎಲೆ, 200 ಅಡಿಕೆ ಇದೆ. ಎಲೆ ನೋಡಿದರೆ 250 ತಾಂಬೂಲ ಆಗಬೇಕು. ಅಡಿಕೆ ನೋಡಿದರೆ 200. ಆಗುವುದು 200 ಮಾತ್ರ, 100 ಎಲೆ ಮಿಕ್ಕುತ್ತದೆ. ಎಲೆ ಎಷ್ಟೇ ರಾಶಿ ಬಿದ್ದಿದ್ದರೂ ಅಡಿಕೆ ಖಾಲಿಯಾದ ಮೇಲೆ ಮುಗಿಯಿತು. ಇದಕ್ಕೇ ಇಂಗ್ಲಿಷ್ ಮಾಧ್ಯಮದವರು ಲಿಮಿಟಿಂಗ್ ರಿಯೇಜೆಂಟ್ ಎನ್ನುವುದು.

ಈಗ ಅಂಕಿಯಲ್ಲಿ. 56 ಕೆಜಿ ನೈಟ್ರೋಜನ್, 9 ಕೆಜಿ ಹೈಡ್ರೋಜನ್ ಕೊಟ್ಟಿದ್ದಾರೆ. ನೋಡಿದ ತಕ್ಷಣ 9 ಕಡಿಮೆ, ಅದೇ ಮೊದಲು ಮುಗಿಯುತ್ತದೆ ಅನ್ನಿಸುತ್ತದೆ. ಇಲ್ಲಿ ಆ ಊಹೆ ಸರಿಯಾಗಿಯೇ ಬರುತ್ತದೆ, ಆದರೆ ಕಾರಣ ತಪ್ಪು. 15 ಕೆಜಿ ಹೈಡ್ರೋಜನ್ ಕೊಟ್ಟಿದ್ದರೆ ಆಗಲೂ 56ಕ್ಕಿಂತ ಕಡಿಮೆಯೇ, ಆದರೆ ಮೊದಲು ಮುಗಿಯುತ್ತಿದ್ದುದು ನೈಟ್ರೋಜನ್! ತೂಕ ನೋಡಿ ತೀರ್ಪು ಕೊಡಬೇಡಿ.

ಮೋಲ್ ಮಾಡಿ. ನೈಟ್ರೋಜನ್ 56,000 ÷ 28 = 2,000. ಹೈಡ್ರೋಜನ್ 9,000 ÷ 2 = 4,500. ಈಗ ಪ್ರತಿಯೊಂದನ್ನೂ ಅದರ ಮುಂದಿನ ಅಂಕಿಯಿಂದ ಭಾಗಿಸಿ. 2,000 ÷ 1 = 2,000. 4,500 ÷ 3 = 1,500. ಯಾವುದು ಚಿಕ್ಕದೋ ಅದೇ ಮೊದಲು ಮುಗಿಯುವುದು. ಇಲ್ಲಿ ಹೈಡ್ರೋಜನ್.

ಅಮೋನಿಯಾ 4,500 × 2/3 = 3,000 ಮೋಲ್, ಅಂದರೆ 51 ಕೆಜಿ. ಸರಿಯಾಗಿ ಎರಡು ಚೀಲ ಯೂರಿಯಾಗೆ ಸಾಕು. ಖರ್ಚಾದ ನೈಟ್ರೋಜನ್ 1,500 ಮೋಲ್, 42 ಕೆಜಿ. 14 ಕೆಜಿ ಹಾಗೇ ಉಳಿಯಿತು.

ಲೆಕ್ಕದಲ್ಲಿ 51 ಕೆಜಿ ಬಂತು. ನಿಜವಾಗಿಯೂ ಅಷ್ಟೇ ಸಿಗುತ್ತದಾ?

ಸಾಮಾನ್ಯವಾಗಿ ಇಲ್ಲ. 51 ಕೆಜಿ ಅನ್ನುವುದು ಮೇಲಿನ ಮಿತಿ, ಅದಕ್ಕಿಂತ ಜಾಸ್ತಿ ಸಿಗಲಾರದು. ಕೈಗೆ ಬಂದದ್ದು 45.9 ಕೆಜಿ ಇದ್ದರೆ ಇಳುವರಿ 90%. ಎಕರೆಗೆ ಇಷ್ಟು ಬೆಳೆಯಬಹುದಿತ್ತು, ಬಂದದ್ದು ಇಷ್ಟು ಅನ್ನುತ್ತೇವಲ್ಲ, ಅದೇ ಮಾತು.

ಅಮೋನಿಯಾದ ಕಥೆ ಇದರಲ್ಲಿ ಸ್ವಾರಸ್ಯದ್ದು. ಕ್ರಿಯೆ ಹಿಂದಕ್ಕೂ ನಡೆಯುತ್ತದೆ. ಹಾಗಾಗಿ ಅನಿಲ ಒಂದು ಸಲ ಕಬ್ಬಿಣದ ವೇಗವರ್ಧಕದ ಮೇಲೆ ಹಾದುಹೋದಾಗ ನೂರಕ್ಕೆ ಹದಿನೈದರ ಆಸುಪಾಸು ಮಾತ್ರ ಅಮೋನಿಯಾ ಆಗುತ್ತದೆ. ಆದ ಅಮೋನಿಯಾವನ್ನು ತಣ್ಣಗೆ ಮಾಡಿ ದ್ರವವಾಗಿ ಬೇರೆ ತೆಗೆಯುತ್ತಾರೆ. ಉಳಿದ ಅನಿಲವನ್ನು ಮತ್ತೆ ಒಳಗೆ ಕಳಿಸುತ್ತಾರೆ. ಹೀಗೆ ಸುತ್ತಿ ಸುತ್ತಿ ಕೊನೆಗೆ ಬಹುಪಾಲು ಕೈಗೆ ಬರುತ್ತದೆ. ಫ್ರಿಟ್ಜ್ ಹೇಬರ್ ಇದನ್ನು 1909ರಲ್ಲಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಇಳಿಸಿದ. ಜರ್ಮನಿಯ ಓಪಾವ್‌ನಲ್ಲಿ 1913ರಲ್ಲಿ ಉತ್ಪಾದನೆ ಶುರುವಾಯಿತು. 1:3:2 ಎಂಬ ಅನುಪಾತ ಎಷ್ಟು ಸಿಗಬಹುದು ಎಂದು ಹೇಳುತ್ತದೆ. ಎಷ್ಟು ಬೇಗ, ಎಷ್ಟು ಪಾಲು ಎಂದು ಹೇಳುವುದಿಲ್ಲ.

14.2 ಕೆಜಿ ಗ್ಯಾಸ್ ಸಿಲಿಂಡರಿನಿಂದ 43 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದಂತೆ. ಇದು ಸುಳ್ಳು ಅಲ್ವಾ?

ನಿಜ. ಮಕ್ಕಳು ನಂಬುವುದೇ ಇಲ್ಲ. ಅಡುಗೆ ಅನಿಲದಲ್ಲಿ ಮುಖ್ಯವಾಗಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್. ಪ್ರೊಪೇನ್ ಉರಿಯುವುದು ಹೀಗೆ:

1 ಪ್ರೊಪೇನ್ + 5 ಆಕ್ಸಿಜನ್ → 3 ಕಾರ್ಬನ್ ಡೈಆಕ್ಸೈಡ್ + 4 ನೀರು

ಪ್ರೊಪೇನ್ 44 ಗ್ರಾಂ. ಕಾರ್ಬನ್ ಡೈಆಕ್ಸೈಡ್ ಕೂಡ 44 ಗ್ರಾಂ. ಅನುಪಾತ 1:3. ಹಾಗಾಗಿ ಒಂದು ಕೆಜಿ ಪ್ರೊಪೇನ್‌ಗೆ ಮೂರು ಕೆಜಿ. 14.2 ಕೆಜಿಗೆ 42.6 ಕೆಜಿ. ಪೂರ್ತಿ ಬ್ಯುಟೇನ್ ಅಂದುಕೊಂಡರೆ, ಎರಡು ಬ್ಯುಟೇನ್‌ಗೆ ಎಂಟು ಕಾರ್ಬನ್ ಡೈಆಕ್ಸೈಡ್, ಬ್ಯುಟೇನ್ 58 ಗ್ರಾಂ, ಉತ್ತರ 43.1 ಕೆಜಿ. ಮಿಶ್ರಣ ಯಾವುದೇ ಆಗಲಿ, 43ರ ಹತ್ತಿರ.

ಮೂರು ಪಟ್ಟು ತೂಕ ಎಲ್ಲಿಂದ ಬಂತು? ಅಡುಗೆಮನೆಯ ಗಾಳಿಯಿಂದ. 14.2 ಕೆಜಿ ಪ್ರೊಪೇನ್ ಸುಮಾರು 51.6 ಕೆಜಿ ಆಕ್ಸಿಜನ್ ನುಂಗುತ್ತದೆ. ಜೊತೆಗೆ 23 ಕೆಜಿಯಷ್ಟು ನೀರು ಆವಿಯಾಗಿ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಒಲೆ ಉರಿಸಬಾರದು ಅನ್ನುವುದು ಸುಮ್ನೆ ಅಲ್ಲ. ಆಕ್ಸಿಜನ್ ಸಾಲದೆ ಹೋದರೆ ಮೊದಲು ಮುಗಿಯುವ ವಸ್ತು ಅದೇ ಆಗುತ್ತದೆ. ಆಗ ಈ ಸಮೀಕರಣವೇ ನಡೆಯುವುದಿಲ್ಲ. ವಿಷದ ಕಾರ್ಬನ್ ಮೊನಾಕ್ಸೈಡ್ ಮತ್ತು ಮಸಿ ಬರುತ್ತವೆ. ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ಸ್ವಚ್ಛ ಮಾಡಿಸಿ.

ಒಂದೇ ವಸ್ತು ಎರಡು ಕಡೆ ಬೇರೆ ಬೇರೆ ಅನುಪಾತ ತೋರಿಸಬಹುದಾ?

ಖಂಡಿತ. ಅನುಪಾತ ವಸ್ತುವಿನದಲ್ಲ, ಕ್ರಿಯೆಯದು. ಅಡುಗೆ ಸೋಡಾ ನೋಡಿ. ಬರೀ ಬಿಸಿ ಮಾಡಿದರೆ:

2 ಅಡುಗೆ ಸೋಡಾ → 1 ವಾಷಿಂಗ್ ಸೋಡಾ + 1 ನೀರು + 1 ಕಾರ್ಬನ್ ಡೈಆಕ್ಸೈಡ್

ಮೊಸರಿನ ಹುಳಿ, ಅಂದರೆ ಲ್ಯಾಕ್ಟಿಕ್ ಆಮ್ಲ ಸೇರಿದರೆ:

1 ಅಡುಗೆ ಸೋಡಾ + 1 ಲ್ಯಾಕ್ಟಿಕ್ ಆಮ್ಲ → 1 ಸೋಡಿಯಂ ಲ್ಯಾಕ್ಟೇಟ್ + 1 ನೀರು + 1 ಕಾರ್ಬನ್ ಡೈಆಕ್ಸೈಡ್

ಮೊದಲನೆಯದರಲ್ಲಿ 2:1, ಎರಡನೆಯದರಲ್ಲಿ 1:1. ಒಂದು ಟೀ ಚಮಚಕ್ಕೆ ತುಸು ಕಡಿಮೆ, 4.2 ಗ್ರಾಂ ಸೋಡಾ ಅಂದರೆ 0.05 ಮೋಲ್. ಬಿಸಿಯಿಂದ ಮಾತ್ರ ಆದರೆ 1.1 ಗ್ರಾಂ ಅನಿಲ. ಸಾಕಷ್ಟು ಹುಳಿ ಇದ್ದರೆ 2.2 ಗ್ರಾಂ. ಗೋಳಿಬಜೆ ಹಿಟ್ಟಿಗೆ ಮೊಸರು ಹುಳಿಯಾಗಿರಲಿ ಅಂತ ಮನೆಯಲ್ಲಿ ಹೇಳುವುದಕ್ಕೆ ಈಗ ಕಾರಣ ಸಿಕ್ಕಿತು. ಹುಳಿ ಸಾಲದೆ ಸೋಡಾ ಜಾಸ್ತಿಯಾದರೆ ವಾಷಿಂಗ್ ಸೋಡಾ ಒಳಗೇ ಉಳಿಯುತ್ತದೆ. ತಿಂದಾಗ ಸೋಪಿನ ರುಚಿ ಬರುತ್ತದೆ. ಅದು ಅಡುಗೆಯವರ ತಪ್ಪಲ್ಲ, ಅನುಪಾತದ ತಪ್ಪು. ಸರಿ, ಅಡುಗೆಯವರದೂ ಸ್ವಲ್ಪ ಇದೆ.

ಅನಿಲವಾದರೆ 22.4 ಲೀಟರ್ ಹಾಕಬೇಕಾ, 22.7 ಹಾಕಬೇಕಾ?

ಪುಸ್ತಕ ನೋಡಿ. 0 ಡಿಗ್ರಿ, 1 ಅಟ್ಮಾಸ್ಫಿಯರ್ ಒತ್ತಡ ಎಂದಿದ್ದರೆ 22.4. ಅದೇ 0 ಡಿಗ್ರಿ, 1 ಬಾರ್ ಎಂದಿದ್ದರೆ 22.7. ಹಳೆಯ ಪುಸ್ತಕಗಳಲ್ಲಿ ಮೊದಲನೆಯದು, ಈಗಿನ ಎನ್‌ಸಿಇಆರ್‌ಟಿಯಲ್ಲಿ ಎರಡನೆಯದು. ಅನಿಲದಿಂದ ಅನಿಲಕ್ಕೆ ಲೆಕ್ಕ ಮಾಡುವಾಗ ಉಷ್ಣತೆ, ಒತ್ತಡ ಒಂದೇ ಇದ್ದರೆ ಇವೆರಡೂ ಬೇಡ. 10 ಲೀಟರ್ ನೈಟ್ರೋಜನ್‌ಗೆ 30 ಲೀಟರ್ ಹೈಡ್ರೋಜನ್. ಅನುಪಾತ ನೇರವಾಗಿ ಲೀಟರಿಗೇ ಸಲ್ಲುತ್ತದೆ. ಅವೊಗಾಡ್ರೊ ಹೇಳಿದ್ದು ಇದನ್ನೇ.

ವಸ್ತು ಶುದ್ಧವಾಗಿಲ್ಲದಿದ್ದರೆ?

ಕಸ ಕಳೆದು ಶುರು ಮಾಡಿ. ಸುಣ್ಣದ ಗೂಡಿಗೆ 100 ಕೆಜಿ ಸುಣ್ಣಕಲ್ಲು ಹಾಕಿದ್ದಾರೆ, 90% ಮಾತ್ರ ಶುದ್ಧ ಅನ್ನಿ. ಲೆಕ್ಕಕ್ಕೆ ಸಿಗುವುದು 90 ಕೆಜಿ, ಅಂದರೆ 900 ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಕಾರ್ಬೊನೇಟ್ ಒಡೆದರೆ ಒಂದು ಸುಟ್ಟ ಸುಣ್ಣ, ಒಂದು ಕಾರ್ಬನ್ ಡೈಆಕ್ಸೈಡ್, ಅನುಪಾತ 1:1:1. ಸುಟ್ಟ ಸುಣ್ಣ 900 ಮೋಲ್, 50.4 ಕೆಜಿ. ಹೊಗೆಯ ಜೊತೆ ಹೋಗುವ ಕಾರ್ಬನ್ ಡೈಆಕ್ಸೈಡ್ 39.6 ಕೆಜಿ. ಸುಟ್ಟ ಮೇಲೆ ಕಲ್ಲು ಹಗುರವಾಗುವುದು ಅದಕ್ಕೇ.

ಮುಂದೆ ನೀರು ಹಾಕಿ ಅರಳಿಸಿದರೆ 16.2 ಕೆಜಿ ನೀರು ಹಿಡಿದು 66.6 ಕೆಜಿ ಅರಳಿದ ಸುಣ್ಣ. ಗೋಡೆಗೆ ಬಳಿದ ಮೇಲೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ನೀರು ಬಿಡುತ್ತದೆ. ಎಷ್ಟು ಎಳೆದುಕೊಳ್ಳುತ್ತದೆ? ಪೂರ್ತಿ ಆದರೆ 39.6 ಕೆಜಿ. ಗೂಡಿನಲ್ಲಿ ಹೋದಷ್ಟೇ! ಗೋಡೆಯ ಮೇಲೆ ಮತ್ತೆ ಅದೇ 90 ಕೆಜಿ ಸುಣ್ಣಕಲ್ಲು, ತೆಳ್ಳಗೆ ಹರಡಿಕೊಂಡು.

ದ್ರಾವಣ ಕೊಟ್ಟರೆ?

ಲೀಟರನ್ನು ಮೋಲಾರಿಟಿಯಿಂದ, ಅಂದರೆ ಒಂದು ಲೀಟರ್ ದ್ರಾವಣದಲ್ಲಿರುವ ಮೋಲ್‌ಗಳ ಸಂಖ್ಯೆಯಿಂದ, ಗುಣಿಸಿದರೆ ಮೋಲ್. ಮುಂದಿನದು ಹಿಂದಿನಂತೆಯೇ. ಸಲ್ಫ್ಯೂರಿಕ್ ಆಮ್ಲ ಬಂದಾಗ ಮಾತ್ರ ಎಚ್ಚರ, ಅದರ ಒಂದು ಮೋಲನ್ನು ತಟಸ್ಥ ಮಾಡಲು ಎರಡು ಮೋಲ್ ಕಾಸ್ಟಿಕ್ ಸೋಡಾ ಬೇಕು.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಎಲ್ಲ ಇಂಗ್ಲಿಷ್. ಪದಗಳೇ ತಲೆಗೆ ಹೋಗುತ್ತಿಲ್ಲ.

ನಿಮ್ಮೊಬ್ಬರ ಕಥೆ ಅಲ್ಲ. ಪ್ರತಿವರ್ತಕ ಅಂದರೆ ರಿಯಾಕ್ಟೆಂಟ್, ಉತ್ಪನ್ನ ಅಂದರೆ ಪ್ರಾಡಕ್ಟ್, ಇಳುವರಿ ಅಂದರೆ ಯೀಲ್ಡ್. ಈ ಲೆಕ್ಕಗಳಿಗೆಲ್ಲ ಇರುವ ಸ್ಟಾಯ್ಕಿಯೊಮೆಟ್ರಿ ಅನ್ನುವ ಹೆಸರು ಕೇಳಿ ಹೆದರಬೇಡಿ. ಅದು ಗ್ರೀಕ್, ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ ಹೊಸದು. ಲೆಕ್ಕವನ್ನು ಕನ್ನಡದಲ್ಲಿ ಯೋಚಿಸಿ, ಉತ್ತರಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ. ಅಂಕಿಗೆ ಯಾವ ಮಾಧ್ಯಮವೂ ಇಲ್ಲ.

ಒಂದು ಲೆಕ್ಕ ಕೊಡಿ, ನಾನೇ ಮಾಡಿ ನೋಡುತ್ತೇನೆ.

ಸಂಡೂರಿನ ಬೆಟ್ಟಗಳಲ್ಲಿ ಸಿಗುವ ಹೆಮಟೈಟ್ ಕಬ್ಬಿಣದ ಅದಿರು ತೆಗೆದುಕೊಳ್ಳಿ. ಕುಲುಮೆಯಲ್ಲಿ ನಡೆಯುವುದು:

1 ಕಬ್ಬಿಣದ ಆಕ್ಸೈಡ್ + 3 ಕಾರ್ಬನ್ ಮೊನಾಕ್ಸೈಡ್ → 2 ಕಬ್ಬಿಣ + 3 ಕಾರ್ಬನ್ ಡೈಆಕ್ಸೈಡ್

ಅದಿರು ಒಂದು ಟನ್, ಅದರಲ್ಲಿ ಆಕ್ಸೈಡ್ 80%. ಒಂದು ಮೋಲ್ ಆಕ್ಸೈಡ್ 160 ಗ್ರಾಂ, ಕಬ್ಬಿಣ 56, ಕಾರ್ಬನ್ ಮೊನಾಕ್ಸೈಡ್ 28. ಎಷ್ಟು ಕಬ್ಬಿಣ ಸಿಗುತ್ತದೆ? ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ?

ಮಾಡಿ ಆದ ಮೇಲೆ ಮಾತ್ರ ಕೆಳಗೆ ನೋಡಿ.

ಕಬ್ಬಿಣ 560 ಕೆಜಿ, ಕಾರ್ಬನ್ ಡೈಆಕ್ಸೈಡ್ 660 ಕೆಜಿ. ನಿಮಗೆ 700 ಕೆಜಿ ಕಬ್ಬಿಣ ಬಂದಿದ್ದರೆ ಕಸ ಕಳೆಯುವುದನ್ನು ಮರೆತಿದ್ದೀರಿ. 280 ಬಂದಿದ್ದರೆ ಕಬ್ಬಿಣದ ಮುಂದಿರುವ 2 ಕಣ್ತಪ್ಪಿದೆ.